ಗಿಲ್ಮನ್ ಬೀದಿಯಲ್ಲಿ ಒಂದು ರಾತ್ರಿ

ಸಂಗೀತ ಕಚೇರಿಗೆ ಹೋಗುವವನು ಕಿವಿ ತೆರೆದುಕೊಂಡು ಹೋಗಬೇಕೆಂಬುದು ಲೋಕರೂಢಿ. ಎರಡು ಕಿವಿಗಳಿಗೂ ಬಿರಡೆಯಿಟ್ಟುಕೊಂಡು ನಾನು ಕೇಳಿಬಂದ ಒಂದು ಕಚೇರಿಯ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ಹಾಸ್ಯಕ್ಕೆಂದು ಆರಂಭಿಸಿದರೂ ಇದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸ್ವಲ್ಪ ಸೇರಿದೆ.

ಉಪಾಧ್ಯಾಯ ವೃತ್ತಿಯಿಂದ ವಿಶ್ರಾಂತಿ ಹೊಂದಿದ ಮೇಲೆ, ಅಕ್ಕನ ಮಗನ ಒತ್ತಾಯಕ್ಕೆ ಕಟ್ಟುಬಿದ್ದು, ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಫ್ರೀಮಾಂಟ್ ಎಂಬ ಊರಿನಲ್ಲಿ ಮೂರು ತಿಂಗಳು ಇದ್ದೆನು. ಆತನ ಮಗಳಿಗೆ ಹದಿನಾರು ವರ್ಷ. ಶಾಲೆಯ ವಾದ್ಯವೃಂದದಲ್ಲಿ ಟ್ರೋಂಬೋನ್ ನುಡಿಸುತ್ತಾಳೆ. ಅದು ಹಿತ್ತಾಳೆಯ ಉದ್ದನೆಯ ಕೊಳವೆ. ಒಂದು ಭಾಗವನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ ಸ್ವರಗಳನ್ನು ಹೊರಡಿಸಬೇಕು. ಆಕೆಯ ಗೆಳೆಯರು ಕೆಲವರು ‘ಸ್ಕಾ-ಪಂಕ್’ ಎಂಬ ಬಗೆಯ ಸಂಗೀತಕ್ಕಾಗಿ ಒಂದು ಮೇಳ ಕಟ್ಟಿ ಇವಳನ್ನು ಕರೆದಿದ್ದರು. ತಂದೆ ಕೂಡದೆಂದನು. ಅಂದಿನಿಂದ ಮನೆಯಲ್ಲಿ ಊಟವು ಮೌನವ್ರತದಂತೆ ನಡೆಯುತ್ತಿತ್ತು. ಒಂದು ದಿನ ಆತ, “ಮಾವ, ಶನಿವಾರ ಬರ್ಕ್ಲಿಯಲ್ಲಿ ಅಂಥದೇ ಒಂದು ಕಚೇರಿ ಇದೆಯಂತೆ. ಅವಳ ಜೊತೆಗೆ ನೀವೇ ಹೋಗಿ ನೋಡಿಬನ್ನಿ. ನೀವು ಬೇಡವೆಂದರೆ ಅವಳು ಕೇಳುತ್ತಾಳೆ,” ಎಂದನು. ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡ ನ್ಯಾಯಾಧೀಶನಂತೆ ನಾನು ಹೊರಟೆನು.

ರೈಲಿನಲ್ಲಿ ಕುಳಿತು, “ಪಂಕವೆಂದರೆ ಕೆಸರು. ಹೆಸರೇ ಹೀಗಿರುವಾಗ ಸಂಗೀತ ಹೇಗಿದ್ದೀತು?” ಎಂದು ಹಾಸ್ಯ ಮಾಡಿದೆನು. “ಅಜ್ಜಿಯ ಹೆಸರು ಪಂಕಜ ಅಲ್ಲವೆ, ತಾತ?” ಎಂದಳು. ಐದು ದಶಕಗಳ ಸಂಸ್ಕೃತ ವ್ಯಾಸಂಗ ಅಲ್ಲಿಗೆ ಸುಮ್ಮನಾಯಿತು.

ದಾರಿಯುದ್ದಕ್ಕೂ ಆಕೆ ಹೇಳಿದುದನ್ನೂ, ಅನಂತರ ನಾನು ಓದಿ ತಿಳಿದುದನ್ನೂ ಸೇರಿಸಿ ಹೇಳುತ್ತೇನೆ. ಸ್ಕಾ ಹುಟ್ಟಿದ್ದು ಜಮೈಕಾ ದ್ವೀಪದಲ್ಲಿ, 1950ರ ದಶಕದ ಕೊನೆಯಲ್ಲಿ. 1962ರ ಆಗಸ್ಟ್ 6ರಂದು ಆ ದ್ವೀಪ ಬ್ರಿಟಿಷರಿಂದ ಸ್ವತಂತ್ರವಾದಾಗ ಜನ ಕುಣಿದದ್ದು ಈ ಸಂಗೀತಕ್ಕೇ. ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಆಲ್ಫಾ ಎಂಬ ಶಾಲೆಯೊಂದಿತ್ತು. ಬಡ ಹುಡುಗರನ್ನು ಕ್ರೈಸ್ತ ಸನ್ಯಾಸಿನಿಯರು ಸಾಕಿ, ಕೈಕೆಲಸದೊಡನೆ ವಾದ್ಯಗಳನ್ನೂ ಕಲಿಸುತ್ತಿದ್ದರು. 2003ರಲ್ಲಿ ತೀರಿಕೊಂಡ ಮೇರಿ ಇಗ್ನೇಷಿಯಸ್ ಡೇವೀಸ್ ಎಂಬ ಸನ್ಯಾಸಿನಿ ದಶಕಗಳ ಕಾಲ ಆ ಮಕ್ಕಳ ಸಂಗೀತಕ್ಕೆ ಬೆಂಬಲವಾಗಿ ನಿಂತರು. 1964ರಲ್ಲಿ ಕೂಡಿದ ‘ಸ್ಕಟಲೈಟ್ಸ್’ ಎಂಬ ಪ್ರಸಿದ್ಧ ಮೇಳದ ಮೂಲ ಸದಸ್ಯರಲ್ಲಿ ನಾಲ್ವರು ಆ ಶಾಲೆಯಲ್ಲಿ ಕಲಿತವರು. ಅವರಲ್ಲೊಬ್ಬನಾದ ಡಾನ್ ಡ್ರಮಂಡ್ ನುಡಿಸುತ್ತಿದ್ದುದು ಟ್ರೋಂಬೋನನ್ನೇ. ಇದನ್ನು ಕೇಳಿದಾಗ ನನ್ನ ತೀರ್ಪಿನ ಮೊದಲ ಸಾಲು ಸ್ವಲ್ಪ ಅಳಿಸಿತು. ಬೀದಿಯ ಗದ್ದಲವೆಂದು ನಾನು ಭಾವಿಸಿದ್ದುದರ ಬೇರು ಒಂದು ಪಾಠಶಾಲೆಯಲ್ಲಿತ್ತು.

ಜಮೈಕಾದಿಂದ ಹೊಟ್ಟೆಪಾಡಿಗಾಗಿ ಇಂಗ್ಲೆಂಡಿಗೆ ಹೋದವರೊಡನೆ ಸ್ಕಾ ಸಮುದ್ರ ದಾಟಿತು. 1979ರಲ್ಲಿ ಕವೆಂಟ್ರಿ ನಗರದ ಜೆರ್ರಿ ಡ್ಯಾಮರ್ಸ್ ಎಂಬಾತ ‘ಟೂ ಟೋನ್’ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಸ್ಥಾಪಿಸಿದನು. ಅವನ ‘ಸ್ಪೆಷಲ್ಸ್’ ಮೇಳದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ನಿಂತು ಹಾಡಿದರು. ಕಪ್ಪು-ಬಿಳುಪು ಚೌಕುಳಿಯೇ ಆ ಸಂಸ್ಥೆಯ ಲಾಂಛನವಾಯಿತು. ಆ ಹೊತ್ತಿಗೆ ಪಂಕ್ ಎಂಬ ವೇಗದ, ಒರಟು ಸಂಗೀತವೂ ಪ್ರಚಾರದಲ್ಲಿತ್ತು. ಇವೆರಡರ ಕೂಟವೇ ಸ್ಕಾ-ಪಂಕ್. ಬರ್ಕ್ಲಿಯಲ್ಲಿ ಅದನ್ನು ಬೆಳೆಸಿದವರಲ್ಲಿ ‘ಆಪರೇಷನ್ ಐವಿ’ ಮೇಳ ಮುಖ್ಯವಾದುದು. 1987ರಲ್ಲಿ ಹುಟ್ಟಿ 1989ರಲ್ಲೇ ಮುಗಿದುಹೋದರೂ ಇಂದಿನ ಮಕ್ಕಳಿಗೂ ಅದರ ಹೆಸರು ಬಾಯಿಪಾಠ.

ನಾರ್ತ್ ಬರ್ಕ್ಲಿ ನಿಲ್ದಾಣದಲ್ಲಿ ಇಳಿದು ಸುಮಾರು ಒಂದು ಮೈಲಿ ನಡೆದೆವು. ಕಾರ್ಖಾನೆ, ಉಗ್ರಾಣಗಳ ನಡುವೆ, ಗಿಲ್ಮನ್ ಬೀದಿಯ 924ನೆಯ ಸಂಖ್ಯೆಯ ಇಟ್ಟಿಗೆ ಕಟ್ಟಡ. 1986ರ ಡಿಸೆಂಬರ್ 31ರ ರಾತ್ರಿ ಇಲ್ಲಿ ಮೊದಲ ಕಚೇರಿ ನಡೆಯಿತು. ಮುಂದೆ ಜಗತ್ಪ್ರಸಿದ್ಧವಾದ ‘ಗ್ರೀನ್ ಡೇ’ ಮೇಳದವರೂ ಹುಡುಗರಾಗಿದ್ದಾಗ ಇಲ್ಲಿ ಹಾಡಿದವರೇ. ಯಜಮಾನನಿಲ್ಲದೆ, ಸಂಬಳವಿಲ್ಲದ ಸ್ವಯಂಸೇವಕರೇ ಸಭೆ ಸೇರಿ ಇದನ್ನು ನಡೆಸುತ್ತಾರೆ. ಎಲ್ಲ ವಯಸ್ಸಿನವರಿಗೂ ಪ್ರವೇಶವುಂಟು. ಹಸುರು ಕೂದಲಿನ ಹುಡುಗನೊಬ್ಬ ಅಲ್ಪ ಮೊತ್ತ ತೆಗೆದುಕೊಂಡು ನನಗೊಂದು ಸದಸ್ಯತ್ವದ ಚೀಟಿ ಕೊಟ್ಟನು. ಸಾಹಿತ್ಯ ಪರಿಷತ್ತಿನ ಚೀಟಿಯ ಪಕ್ಕದಲ್ಲಿ ಅದನ್ನು ಇಟ್ಟುಕೊಂಡೆನು.

ಒಳಗೆ ಗೋಡೆಗಳ ತುಂಬ ಬಣ್ಣದ ಬರಹ. ಆ ಗೋಜಲಿನ ನಡುವೆ ನಿಯಮಗಳನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಮದ್ಯ ಕೂಡದು, ಮಾದಕ ವಸ್ತು ಕೂಡದು, ಹೊಡೆದಾಟ ಕೂಡದು; ಬಣ್ಣವನ್ನು ನೋಡಿ, ಹೆಣ್ಣೆಂದು ನೋಡಿ, ಯಾರು ಯಾರನ್ನು ಪ್ರೀತಿಸುತ್ತಾರೆಂದು ನೋಡಿ ಯಾರನ್ನೂ ಹೀನಾಯ ಮಾಡಕೂಡದು. ಮೂವತ್ತು ವರ್ಷ ಶಾಲೆಯ ಗೋಡೆಗೆ ನಿಯಮಗಳನ್ನು ಬರೆಯಿಸಿದವನು ನಾನು. ಮಕ್ಕಳು ತಾವಾಗಿ ಬರೆದುಕೊಂಡ ನಿಯಮಗಳನ್ನು ಕಂಡದ್ದು ಅದೇ ಮೊದಲು.

ಹುಡುಗಿ ನನ್ನ ಕಿವಿಗಳಿಗೆ ಬಿರಡೆ ಕೊಟ್ಟು ಗೋಡೆಯ ಬದಿಯಲ್ಲಿ ನಿಲ್ಲಿಸಿದಳು. ಮೇಳ ಆರಂಭವಾಯಿತು. ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕತೊಡಗಿದೆನು. ಕೈ ಬಿದ್ದಾಗ ಗಿಟಾರು ಮೌನ; ಕೈ ಎದ್ದಾಗ ‘ಚಕ್’ ಎಂಬ ನಾದ! ತಾಳದೊಡನೆಯೇ ಹಾಡು ಹುಟ್ಟಿದರೆ ಸಮಗ್ರಹ, ಹಿಂದೆ ಮುಂದೆ ಹುಟ್ಟಿದರೆ ವಿಷಮಗ್ರಹ ಎಂದು ನಮ್ಮ ಶಾಸ್ತ್ರ. ಇಲ್ಲಿ ಗಿಟಾರು ಉದ್ದಕ್ಕೂ ಎರಡು ಪೆಟ್ಟುಗಳ ನಡುವಿನ ಸಂದಿಯಲ್ಲೇ ವಾಸಿಸುತ್ತದೆ. ಕಾಲು ತಾನಾಗಿ ಮೇಲೇಳುವುದಕ್ಕೆ ಅದೇ ಕಾರಣ. ಪಲ್ಲವಿ ಬಂದೊಡನೆ ಈ ನಯವೆಲ್ಲ ಮಾಯವಾಗಿ ತಂತಿಗಳು ಒಟ್ಟಿಗೆ ಗರ್ಜಿಸುತ್ತವೆ, ಅದು ಪಂಕ್. ಮತ್ತೆ ಕಹಳೆ, ಟ್ರೋಂಬೋನುಗಳು ಸೇರಿ ಹಾಡನ್ನು ಮೊದಲಿನ ಲಯಕ್ಕೆ ಕರೆತರುತ್ತವೆ.

ಗರ್ಜನೆಯ ವೇಳೆ ಮಕ್ಕಳು ಚಕ್ರಾಕಾರವಾಗಿ ಓಡಿ ಒಬ್ಬರಿಗೊಬ್ಬರು ತಗಲುತ್ತಿದ್ದರು. ನಮ್ಮ ಹುಡುಗಿಯೂ ಅಲ್ಲಿದ್ದಳು. ನೋಡುತ್ತಿದ್ದಂತೆ ಅವಳು ಬಿದ್ದಳು. ನನಗೆ ಕಣ್ಣು ಕತ್ತಲಿಟ್ಟಿತು. ತಂದೆಗೆ ಏನು ಉತ್ತರ ಹೇಳಲಿ ಎಂದುಕೊಂಡು ಗುಂಪಿನೊಳಕ್ಕೆ ನುಗ್ಗಿದೆನು. ಯಾರದೋ ಮೊಣಕೈ ತಗಲಿ ಕನ್ನಡಕ ಹಾರಿತು. ಕೂಡಲೆ ಸುತ್ತಲಿನವರು ಕೈಚಾಚಿ ಬೇಲಿಯಂತೆ ನಿಂತರು. ಕಿವಿ ಮೂಗುಗಳಲ್ಲಿ ಬಳೆ ತೊಟ್ಟಿದ್ದ ಎತ್ತರದ ಯುವಕನೊಬ್ಬ ನೆಲದಿಂದ ಕನ್ನಡಕವನ್ನೆತ್ತಿ, ಯಾರದೆಂದು ಕಾಣಲೆಂದು ದೀಪದ ಬೆಳಕಿಗೆ ಹಿಡಿದನು. ಮತ್ತೊಬ್ಬ ನನ್ನ ಭುಜ ಹಿಡಿದು ಗೋಡೆಯ ಬಳಿಗೆ ಕರೆತಂದು, ನೀರು ಬೇಕೆ ಎಂದು ಕೇಳಿದನು. ಕನ್ನಡಕ ಹಾಕಿಕೊಂಡು ನೋಡುತ್ತೇನೆ, ಹುಡುಗಿ ಎದ್ದು ನಗುತ್ತಿದ್ದಾಳೆ. ಅವಳನ್ನು ಆಗಲೇ ನಾಲ್ಕು ಕೈಗಳು ಎತ್ತಿದ್ದುವಂತೆ. ಬಿದ್ದವರನ್ನು ಮೊದಲು ಎತ್ತಬೇಕು, ಆಮೇಲೆ ಕುಣಿಯಬೇಕು. ಗೋಡೆಯ ಮೇಲೆ ಬರೆಯದಿದ್ದರೂ ಎಲ್ಲರೂ ಬಲ್ಲ ಧರ್ಮವಿದು.

ಕಚೇರಿ ಮುಗಿದಾಗ ಅದುವರೆಗೆ ಗರ್ಜಿಸುತ್ತಿದ್ದ ಹಾಡುಗಾರನೇ ಪೊರಕೆ ಹಿಡಿದು ನೆಲ ಗುಡಿಸತೊಡಗಿದನು.

ಹಿಂದಿರುಗುವಾಗ ಹುಡುಗಿ ನನ್ನ ಭುಜಕ್ಕೊರಗಿ ನಿದ್ರಿಸಿದಳು. ನನಗೆ ನಿದ್ರೆ ಬರಲಿಲ್ಲ. ಅವಳ ತಂದೆ ಹದಿಮೂರು ವರ್ಷದವನಾಗಿದ್ದಾಗ ನಮ್ಮ ಮನೆಯಲ್ಲಿದ್ದು ಓದುತ್ತಿದ್ದನು. ಅಕ್ಕಿಯ ಡಬ್ಬ, ಬಾಗಿಲು, ಹಲಗೆ, ಕೈಗೆ ಸಿಕ್ಕಿದುದೆಲ್ಲ ಅವನಿಗೆ ಮೃದಂಗ. ಕಲಿಯುತ್ತೇನೆಂದು ಕೇಳಿದಾಗ, “ಮೊದಲು ಪರೀಕ್ಷೆ, ಆಮೇಲೆ ಮೃದಂಗ,” ಎಂದಿದ್ದೆನು. ಪರೀಕ್ಷೆಗಳೆಲ್ಲ ಆದುವು, ಉದ್ಯೋಗವೂ ಆಯಿತು. ಆ ‘ಆಮೇಲೆ’ ಮಾತ್ರ ಬರಲೇ ಇಲ್ಲ. ಮಗಳಿಗೆ ಅವನು ಹೇಳುತ್ತಿದ್ದ ಮಾತು ನಾನು ಕಲಿಸಿದ ಪಾಠವೇ ಆಗಿತ್ತು.

ಮರುದಿನ ಕಾಫಿಯ ವೇಳೆ ಆತ ತೀರ್ಪು ಕೇಳಿದನು. “ಕಳುಹಿಸಪ್ಪ. ಜೊತೆಗೆ ನೀನೂ ಹೋಗು. ಆ ದಿನ ನಿನಗೆ ಮೃದಂಗ ಬೇಡವೆಂದದ್ದು ನನ್ನ ತಪ್ಪು,” ಎಂದೆನು. ಆತ ಬಹಳ ಹೊತ್ತು ಮಾತನಾಡಲಿಲ್ಲ. ಬೆರಳುಗಳು ಮೇಜಿನ ಮೇಲೆ ಮೆಲ್ಲಗೆ ಆಡುತ್ತಿದ್ದುವು.

“ಅಲ್ಲಿ ತಾಳ ಹೇಗಿರುತ್ತದೆ, ಮಾವ?” ಎಂದನು.

ಮೇಜಿನ ಮೇಲೆ ನಾನು ಪೆಟ್ಟು ಹಾಕಿದೆನು. ಕೈ ಎದ್ದಾಗಲೆಲ್ಲ ಆತ ನಡುವಿನ ಪೆಟ್ಟನ್ನು ತುಂಬಿದನು. ಒಳಕೋಣೆಯಿಂದ ಟ್ರೋಂಬೋನಿನ ಒಂದು ಸ್ವರ ಕೇಳಿಬಂದಿತು. ಆಗ ನನ್ನ ಕಿವಿಗಳಲ್ಲಿ ಬಿರಡೆ ಇರಲಿಲ್ಲ.