ಹಳೆಯ ಕಾರಿಗೆ ಕಟ್ಟುವ ಬೆಲೆ

ಹಳೆಯ ಕಾರಿನ ಬೆಲೆಯನ್ನು ಅದು ತಯಾರಾದ ವರ್ಷ ಮತ್ತು ಓಡಿದ ಕಿಲೋಮೀಟರುಗಳಿಂದ ಲೆಕ್ಕ ಹಾಕುವುದು ಮಾರಾಟಗಾರರ ರೂಢಿಯಾದರೆ, ಬೆಂಗಳೂರಿನ ಚಂದ್ರಾ ಲೇಔಟ್, ಅತ್ತಿಗುಪ್ಪೆ, ವಿಜಯನಗರಗಳ ಗ್ಯಾರೇಜುಗಳ ಮುಂದೆ ಕಾರುಪ್ರಿಯರ ನಡುವೆ ನಡೆಯುವ ವಾದವು ಈ ಗಾಡಿ ಕೆಟ್ಟರೆ ರಿಪೇರಿಯಾಗುತ್ತದೆಯೇ ಎಂಬ ಪ್ರಶ್ನೆಯಿಂದ ಆರಂಭವಾಗುತ್ತದೆ. ಬೆಲೆಯ ಮಾತು ಆಮೇಲಿನದು. ಇರಬೇಕಾದ ಕ್ರಮವೂ ಅದೇ.

ಇಂಥ ವಾದಗಳಲ್ಲಿ ಮಾರುತಿ 800 ಮತ್ತು ಪ್ರೀಮಿಯರ್ ಪದ್ಮಿನಿ ಮತ್ತೆ ಮತ್ತೆ ಎದುರುಬದುರಾಗುತ್ತವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಆರಂಭದವರೆಗೂ ತಯಾರಾದ ಮಾರುತಿಯು ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದದ್ದರಿಂದ, ಅದರ 796 ಸಿಸಿ ಎಂಜಿನ್ನಿನ ಕ್ಲಚ್ ಪ್ಲೇಟು, ಟೈಮಿಂಗ್ ಬೆಲ್ಟುಗಳು ಇಂದಿಗೂ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೆಚ್ಚು ಹುಡುಕಾಟವಿಲ್ಲದೆ ದೊರೆಯುತ್ತವೆ. ಫಿಯೆಟ್ ಕಂಪನಿಯ ಪರವಾನಗಿಯಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಬಹುಕಾಲ ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಹಿಡಿಕೆಯನ್ನು ಹೊಂದಿದ್ದ 1089 ಸಿಸಿಯ ಪದ್ಮಿನಿಗೆ ಆ ಅನುಕೂಲವಿಲ್ಲ. ಅದರ ಒರಿಜಿನಲ್ ಗ್ರಿಲ್ಲು, ದೀಪದ ಗಾಜು, ಬಾಗಿಲಿನ ಹಿಡಿಗಳನ್ನು ಗುಜರಿಯಲ್ಲಿಯೋ ಇನ್ನೊಬ್ಬ ಮಾಲೀಕನ ಸಂಗ್ರಹದಲ್ಲಿಯೋ ಅರಸಬೇಕಾಗುತ್ತದೆ. ಆದರೂ ಸುಸ್ಥಿತಿಯ ಪದ್ಮಿನಿಯೊಂದಕ್ಕೆ ಅದಕ್ಕಿಂತ ಕಿರಿಯ ವಯಸ್ಸಿನ ಮಾರುತಿಗಿಂತ ಹೆಚ್ಚಿನ ಬೆಲೆ ಹೇಳುವುದುಂಟು, ಏಕೆಂದರೆ ಅಲ್ಲಿ ಮಾರಾಟವಾಗುವುದು ಸಾರಿಗೆಯ ಸಾಧನ ಮಾತ್ರವಲ್ಲ, ಅದನ್ನು ಅಷ್ಟು ಕಾಲ ಕೆಡದಂತೆ ಕಾಪಾಡಿದವರ ದುಡಿಮೆಯೂ ಹೌದು.

ಎಂಜಿನ್ನನ್ನು ಮುಖ್ಯವೆಂದು ಎಣಿಸುವವರಿಗೂ ಬಾಡಿಯನ್ನು ಮುಖ್ಯವೆಂದು ಎಣಿಸುವವರಿಗೂ ಇರುವ ಭಿನ್ನಾಭಿಪ್ರಾಯದಲ್ಲಿ ಎರಡನೆಯವರ ಪಕ್ಷವೇ ಬಲವಾದುದು. ಸವೆದ ಎಂಜಿನ್ನಿಗೆ ಬೋರ್ ಮಾಡಿಸುವುದು, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಸಮಮಾಡಿ ಅಳತೆಗೆ ತಕ್ಕ ದೊಡ್ಡ ಪಿಸ್ಟನ್ ಕೂರಿಸುವುದು, ಅನುಭವಿ ಮೆಕ್ಯಾನಿಕ್ಕಿಗೆ ತಿಳಿದ ಕೆಲಸ. ಆದರೆ ಈ ಎರಡೂ ಕಾರುಗಳಲ್ಲಿ ಪ್ರತ್ಯೇಕ ಚಾಸಿ ಇಲ್ಲದೆ ಬಾಡಿಯ ತಗಡೇ ಭಾರ ಹೊರುವುದರಿಂದ, ತಳಭಾಗಕ್ಕೆ ತುಕ್ಕು ಹಿಡಿದರೆ ಗಾಡಿಯ ಬಲವೇ ಕುಗ್ಗುತ್ತದೆ. ಮಂಗಳೂರು, ಕಾರವಾರಗಳ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರನ್ನು ಕೊಳ್ಳುವವರು ಮೊದಲು ನೆಲದ ಮ್ಯಾಟ್ ಎತ್ತಿ ನೋಡುವುದೂ, ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಯನ್ನು ಅನುಮಾನದಿಂದ ಕಾಣುವುದೂ ಈ ಕಾರಣಕ್ಕೇ, ಮತ್ತು ಆ ಎಚ್ಚರ ಸರಿಯಾದದ್ದು.

ಕಾಗದಪತ್ರಗಳ ಪ್ರಶ್ನೆ ಇಷ್ಟು ಸರಳವಾದುದಲ್ಲ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣಕ್ಕೆ ಮೊದಲಿದ್ದ 600 ರೂಪಾಯಿ ಶುಲ್ಕವು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿದ್ದು, ಅಗ್ಗದ ಮಾರುತಿಗಳ ಮಾಲೀಕರಿಗೆ ದೊಡ್ಡ ಹೊರೆಯಾಯಿತು. ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಉಳಿದ ವಾಹನಗಳಿಗೆ 2021ರ ನಿಯಮಗಳು ವಿಂಟೇಜ್ ಎಂಬ ಬೇರೆ ವರ್ಗವನ್ನು ಕಲ್ಪಿಸಿದರೂ, ಅವುಗಳನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇನ್ನು ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ, ಅಲ್ಲಿ ಕಡಿಮೆ ಬೆಲೆಗೆ ಸಿಗುವ ದೊಡ್ಡ ಗಾಡಿಗಳನ್ನು ತರಿಸುವುದು ಲಾಭವೇ ಎಂಬ ವಾದ ಹುಟ್ಟಿಕೊಂಡಿತು. ಮೂಲ ಆರ್‌ಟಿಒ ಕಚೇರಿಯ ಎನ್‌ಒಸಿ, ಕರ್ನಾಟಕದ ಜೀವಿತಾವಧಿ ತೆರಿಗೆ, ಸಾಗಾಣಿಕೆಯ ಖರ್ಚು ಎಲ್ಲವನ್ನೂ ಕೂಡಿಸಿದರೆ ಮೊದಲು ಕಂಡ ಅಗ್ಗದ ಬಹುಭಾಗ ಕರಗುತ್ತದೆ. ಮೊದಲಿನಿಂದ ಒಬ್ಬರ ಕೈಯಲ್ಲೇ ಇದ್ದು ಸರ್ವೀಸ್ ಪುಸ್ತಕ ಸಮೇತ ಸಿಗುವ ರಾಜಾಜಿನಗರ ನೋಂದಣಿಯ ಕೆಎ-02 ಕಾರಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಇದಕ್ಕಿಂತ ವಿವೇಕದ ವ್ಯವಹಾರ.

ಬಿಡಿಭಾಗಗಳಿಗಿಂತ ಮೊದಲೇ ಬರಿದಾಗುತ್ತಿರುವುದು ಕೈಯ ಪರಿಣತಿ. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸುವ ಕಾರ್ಬುರೇಟರನ್ನು ಎಂಜಿನ್ನಿನ ಸದ್ದು ಕೇಳಿಯೇ ಹೊಂದಿಸಬಲ್ಲ ಮೆಕ್ಯಾನಿಕ್ಕುಗಳು ವಯಸ್ಸಾಗಿ ಗ್ಯಾರೇಜು ಬಿಡುತ್ತಿದ್ದಾರೆ. ಇಂಧನದ ಪ್ರಮಾಣವನ್ನು ಕಂಪ್ಯೂಟರೇ ನಿರ್ಧರಿಸುವ ಗಾಡಿಗಳಲ್ಲಿ ಪಳಗಿದ ಕಿರಿಯರಿಗೆ ಸ್ಕ್ಯಾನರ್ ಜೋಡಿಸಲು ಜಾಗವೇ ಇಲ್ಲದ ಎಂಜಿನ್ ಅಪರಿಚಿತವಾದುದು. ಆದ್ದರಿಂದ ಕಾರ್ಬುರೇಟರಿನ ಕಾರು ಕೊಳ್ಳುವವರು ಮುಂಗಡ ಕೊಡುವ ಮೊದಲು ಅದನ್ನು ಇಷ್ಟು ವರ್ಷ ನೋಡಿಕೊಂಡ ಮೆಕ್ಯಾನಿಕ್ ಯಾರು, ಅವರ ಕೈಕೆಳಗೆ ಆ ಕೆಲಸ ಕಲಿತವರು ಯಾರಾದರೂ ಇದ್ದಾರೆಯೇ ಎಂದು ಮಾಲೀಕರಲ್ಲಿ ವಿಚಾರಿಸಬೇಕು, ಮತ್ತು ಸಿಕ್ಕ ಉತ್ತರವನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.