ಸಾವಧಾನವೂ ವಿಳಂಬವೂ

ಗಾಲ್ಫ್ ನಮ್ಮ ಸೀಮೆಯ ಆಟವಲ್ಲ. ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಾಗಲಿ, ಕಲ್ಯಾಣದುರ್ಗದ ಕಡಲೆಕಾಯಿ ಹೊಲಗಳ ಬದುವಿನ ಮೇಲಾಗಲಿ ಅದರ ಹೆಸರನ್ನೆತ್ತಿದರೆ ಜನರು ನಮ್ಮ ಮುಖವನ್ನು ಒಮ್ಮೆ ನೋಡಿ ಸುಮ್ಮನಾದಾರು. ಎಕರೆಗಟ್ಟಲೆ ನೆಲಕ್ಕೆ ನೀರು ಹಾಯಿಸಿ ಹುಲ್ಲನ್ನು ಬೆಳೆಯುವುದು, ಬೆಳೆದ ಹುಲ್ಲನ್ನು ದನಕ್ಕೂ ಬಿಡದೆ ಸವರಿ ಸವರಿ ಕಾಪಾಡುವುದು, ಮೋಡದ ಕಡೆಗೆ ಕತ್ತೆತ್ತಿ ದಿನ ಎಣಿಸುವ ನಮ್ಮವರಿಗೆ ಒಗಟಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಹಿಂದೂಪುರದಲ್ಲಿ ರೈಲು ಹತ್ತಿ ಇಳಿಯುವ ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಒಂದು ಗಾಲ್ಫ್ ಕ್ಲಬ್ಬು ಹುಟ್ಟಿತು. ಆ ನಗರದ ಅದಿತಿ ಅಶೋಕ್ ಎಂಬ ತರುಣಿ 2021ರ ಆಗಸ್ಟಿನಲ್ಲಿ, ಟೋಕಿಯೋ ಒಲಿಂಪಿಕ್ ಕೂಟದಲ್ಲಿ, ಒಂದೇ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದಳು. ಗಾಲ್ಫಿನ ಗಂಧವೂ ಇಲ್ಲದ ನಮ್ಮಂಥವರು ಆ ಆಟವನ್ನು ಮೊದಲ ಬಾರಿಗೆ ಮನಸ್ಸಿಟ್ಟು ನೋಡಿದ್ದು ಅಂದು.

ನೋಡುತ್ತ ನೋಡುತ್ತ ನಮಗೆ ಹೊಳೆದದ್ದು ಇಷ್ಟು: ಗಾಲ್ಫಿನಲ್ಲಿ ಆಟಕ್ಕಿಂತ ಕಾಯುವಿಕೆಯೇ ಹೆಚ್ಚು. ಚೆಂಡಿಗೆ ಕೋಲು ತಗಲುವುದು ಒಂದು ಕ್ಷಣ. ಅದರ ಹಿಂದುಮುಂದಿನದೆಲ್ಲ ನಡಿಗೆ, ನಿಲುವು, ಗಾಳಿಯ ಪರೀಕ್ಷೆ, ಕುಕ್ಕರುಗಾಲಿನಲ್ಲಿ ಕುಳಿತು ನೆಲದ ಇಳಿಜಾರನ್ನು ಅಳೆಯುವುದು. ಹದಿನೆಂಟು ಗುಳಿಗಳನ್ನು ಮುಗಿಸುವ ಹೊತ್ತಿಗೆ ನಾಲ್ಕೈದು ಗಂಟೆಗಳು ಸರಿದಿರುತ್ತವೆ. ಮೈದಾನದಲ್ಲಿ ಆಟಗಾರರು ಗುಂಪು ಗುಂಪಾಗಿ, ಒಂದರ ಹಿಂದೆ ಒಂದರಂತೆ ಸಾಗುತ್ತಾರೆ. ಇಕ್ಕಟ್ಟಾದ ಬಂಡಿಜಾಡಿನಲ್ಲಿ ಮುಂದಿನ ಗಾಡಿ ನಿಂತರೆ ಹಿಂದಿನ ಗಾಡಿಗಳೆಲ್ಲ ನಿಲ್ಲಬೇಕಲ್ಲವೆ? ಇಲ್ಲಿಯೂ ಹಾಗೆಯೇ. ಒಬ್ಬನು ತನ್ನ ಹೊಡೆತಕ್ಕೆ ಎರಡು ನಿಮಿಷ ಹೆಚ್ಚು ತೆಗೆದುಕೊಂಡರೆ ಆ ಎರಡು ನಿಮಿಷ ಅವನೊಬ್ಬನದಾಗಿ ಉಳಿಯುವುದಿಲ್ಲ. ಹಿಂದೆ ನಿಂತವರೆಲ್ಲರೂ ಅದಕ್ಕೆ ತೆರಿಗೆ ಕಟ್ಟಬೇಕು.

ಇದಕ್ಕೊಂದು ಪ್ರಸಿದ್ಧವಾದ ನಿದರ್ಶನವುಂಟು. 2018ರ ಜನವರಿಯಲ್ಲಿ ಅಮೆರಿಕದ ಟೋರಿ ಪೈನ್ಸ್ ಎಂಬಲ್ಲಿ ಜೆ. ಬಿ. ಹೋಮ್ಸ್ ಎಂಬ ವೃತ್ತಿ ಆಟಗಾರನು ಕೊನೆಯ ಗುಳಿಯ ಎರಡನೆಯ ಹೊಡೆತಕ್ಕೆ ಗಾಳಿಯನ್ನು ಅಳೆಯುತ್ತ ನಾಲ್ಕು ನಿಮಿಷಕ್ಕೂ ಮೀರಿ ನಿಂತನು. ಗೆಲ್ಲುವ ಆಸೆ ಹೊತ್ತ ಅಲೆಕ್ಸ್ ನೊರೆನ್ ಪಕ್ಕದಲ್ಲಿ ಕಾಯುತ್ತಿದ್ದನು. ಇಷ್ಟೆಲ್ಲ ಯೋಚಿಸಿ ಹೋಮ್ಸನು ಹೊಡೆದದ್ದೋ, ಗುರಿಗೆ ಬಹು ದೂರದಲ್ಲಿಯೇ ನಿಲ್ಲುವ ಒಂದು ಜೋಪಾನದ ಹೊಡೆತ. ಕಾದು ನಿಂತ ನೊರೆನನ ಚೆಂಡು ಗುರಿಯನ್ನು ಹಾದು ಆಚೆ ಹೋಯಿತು. ಪಂದ್ಯವು ಸಮವಾಗಿ, ಕತ್ತಲೆ ಕವಿದು, ತೀರ್ಮಾನವು ಮರುದಿನಕ್ಕೆ ಹೋಗಿ, ಜೇಸನ್ ಡೇ ಎಂಬವನು ಗೆದ್ದನು. ನಾಲ್ಕು ನಿಮಿಷದ ಫಲವೇ ಇದೆಲ್ಲ ಎಂದು ನಾವು ಹೇಳಲಾರೆವು. ಆದರೆ ಕಾಯುವವನ ಮೈಯೂ ಮನಸ್ಸೂ ತಣ್ಣಗಾಗುವುದನ್ನು ಬಲ್ಲೆವು.

ನಿಯಮಗಳಿಲ್ಲವೆಂದಲ್ಲ. ಒಂದು ಹೊಡೆತಕ್ಕೆ 40 ಸೆಕೆಂಡು ಸಾಕೆಂದು ಗಾಲ್ಫಿನ ನಿಯಮಾವಳಿ ಸಲಹೆ ಕೊಡುತ್ತದೆ. ಕಳೆದ ಚೆಂಡನ್ನು ಹುಡುಕಲು ಮೊದಲು ಐದು ನಿಮಿಷವಿತ್ತು. 2019ರಿಂದ ಅದನ್ನು ಮೂರಕ್ಕೆ ಇಳಿಸಿದರು. 2025ರಲ್ಲಿ ಅಮೆರಿಕದ ಮಹಿಳಾ ವೃತ್ತಿಸಂಘವು ಸೆಕೆಂಡುಗಳ ಲೆಕ್ಕವನ್ನೇ ಬರೆಯಿತು: ಗೊತ್ತಾದ ಕಾಲಕ್ಕಿಂತ ಐದು ಸೆಕೆಂಡಿನವರೆಗೆ ಮೀರಿದರೆ ದುಡ್ಡಿನ ದಂಡ, ಆರರಿಂದ ಹದಿನೈದಕ್ಕೆ ಒಂದು ಹೊಡೆತ, ಅದಕ್ಕೂ ಮೀರಿದರೆ ಎರಡು. ಆದರೆ ನಿಯಮವಿರುವುದು ಬೇರೆ, ನಡೆಯುವುದು ಬೇರೆ. ಪುರುಷರ ಪಿಜಿಎ ಟೂರ್ ತಾನೇ ನಡೆಸುವ ಪಂದ್ಯಗಳಲ್ಲಿ 1995ರ ತರುವಾಯ 2017ರವರೆಗೆ ಸಾವಕಾಶದ ಆಟಕ್ಕಾಗಿ ಯಾರ ಲೆಕ್ಕಕ್ಕೂ ಹೊಡೆತದ ದಂಡ ಬೀಳಲಿಲ್ಲ.

ಈ ಅವಧಿಯ ನಡುವೆ, 2013ರ ಏಪ್ರಿಲಿನಲ್ಲಿ, ಅಗಸ್ಟಾದ ಮಾಸ್ಟರ್ಸ್ ಪಂದ್ಯದಲ್ಲಿ ಒಂದು ದಂಡ ಬಿತ್ತು. ಆ ಪಂದ್ಯವನ್ನು ನಡೆಸುವವರು ಬೇರೆ. ದಂಡ ತೆತ್ತವನು ಚೀನದ ಗುವಾನ್ ಟಿಯಾನ್‌ಲಾಂಗ್. ವಯಸ್ಸು 14 ವರ್ಷ. ಆ ಪಂದ್ಯದಲ್ಲಿ ಆಡಿದವರೆಲ್ಲರಲ್ಲಿಯೂ ಅವನೇ ಕಿರಿಯ. ನಮ್ಮ ಒಂಬತ್ತನೆಯ ತರಗತಿಯ ಹುಡುಗನೆಂದು ಭಾವಿಸಿರಿ. ಗಾಳಿ ಬೀಸುತ್ತಿತ್ತು, ಎಚ್ಚರಿಕೆಯನ್ನೂ ಕೊಟ್ಟಿದ್ದರು, ಹದಿನೇಳನೆಯ ಗುಳಿಯಲ್ಲಿ ಒಂದು ಹೊಡೆತ ಸೇರಿಸಿದರು. ಹುಡುಗನು ಎದುರಾಡದೆ ಒಪ್ಪಿದನು, ಕೂದಲೆಳೆಯಲ್ಲಿ ಮುಂದಿನ ಸುತ್ತಿಗೂ ಉಳಿದುಕೊಂಡನು. ತೀರ್ಪು ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ಆದರೂ ಇದನ್ನು ಓದಿದಾಗ ಉಪಾಧ್ಯಾಯರಾದ ನಮಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ದೊಡ್ಡವರ ಮುಂದೆ ಮೆತ್ತಗಾಗುವ ಗಡಿಯಾರವು ಚಿಕ್ಕವರ ಮುಂದೆ ಗಟ್ಟಿಯಾಗುವುದನ್ನು ನಾವು ಗಾಲ್ಫ್ ಮೈದಾನದಲ್ಲಿ ಮಾತ್ರವೆ ಕಂಡಿದ್ದೇವೆ?

ಇಲ್ಲಿ ಒಂದು ಭೇದವನ್ನು ಮಾಡಿಕೊಳ್ಳದಿದ್ದರೆ ವಿಚಾರ ಮುಂದೆ ಸಾಗದು. ನಿಧಾನವೆಲ್ಲವೂ ವಿಳಂಬವಲ್ಲ. 2008ರ ಜನವರಿಯಲ್ಲಿ ಸಿಡ್ನಿಯ ಟೆಸ್ಟಿನಲ್ಲಿ ನಮ್ಮ ರಾಹುಲ್ ದ್ರಾವಿಡ್ 18 ರನ್ನುಗಳಲ್ಲಿ ನಿಂತು 40 ಎಸೆತಗಳವರೆಗೆ ಒಂದು ರನ್ನೂ ಗಳಿಸಲಿಲ್ಲ. ಕಡೆಗೆ ಒಂದು ರನ್ ಬಂದಾಗ ಅಲ್ಲಿಯ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಅವನೂ ಬ್ಯಾಟನ್ನೆತ್ತಿ ಅದನ್ನು ಸ್ವೀಕರಿಸಿದನು. ಅಲ್ಲಿ ಆಟವೇನೂ ನಿಂತಿರಲಿಲ್ಲ. ಚೆಂಡು ಬರುತ್ತಿತ್ತು, ಅವನು ತಡೆಯುತ್ತಿದ್ದನು. ಸಂಗೀತದಲ್ಲಿ ವಿಳಂಬಕಾಲದಲ್ಲಿ ಹಾಡುವವನು ತಾಳವನ್ನು ನಿಲ್ಲಿಸುತ್ತಾನೆಯೆ? ತಾಳ ನಡೆಯುತ್ತಲೇ ಇರುತ್ತದೆ. ಸ್ವರಗಳ ನಡುವೆ ಅವಕಾಶ ಹೆಚ್ಚುತ್ತದೆ, ಅಷ್ಟೆ. ನಮ್ಮ ರೈತನು ಬಿತ್ತನೆಗೆ ಮುನ್ನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುವುದೂ ಇಂಥದೇ ನಿಧಾನ. ಹದ ನೋಡುವುದು ಸಾವಧಾನ; ಹದ ಬಂದ ಮೇಲೂ ಕೂರಿಗೆ ಹೂಡದೆ ಕೂರುವುದು ವಿಳಂಬ. ಮೊದಲನೆಯದು ಕೆಲಸದ ಅಂಗ, ಎರಡನೆಯದು ಕೆಲಸಕ್ಕೆ ಭಂಗ.

ಈ ಭೇದವು ಶಾಲೆಯ ಕೊಠಡಿಯಲ್ಲಿ ನಮಗೆ ದಿನವೂ ಎದುರಾಗುತ್ತದೆ. ಕಲ್ಯಾಣದುರ್ಗದ ಕಡೆಯ ಒಂದು ಶಾಲೆಯಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳನ್ನು, ಪೆನ್ನಾ ನದಿ ಹುಟ್ಟುವುದೆಲ್ಲಿ ಎಂದು ಕೇಳಿದೆವು. ಹುಡುಗಿ ಎದ್ದು ನಿಂತಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಮುಂದಿನ ಸಾಲಿನವರು ಕೈ ಎತ್ತಿ ‘ಸಾರ್, ಸಾರ್’ ಎಂದು ತವಕಿಸಿದರು. ನಾವು ಕಾದೆವು. ಬೆಟ್ಟದ ಹೆಸರು ಮೊದಲು ಅವಳ ಮನೆಯ ತೆಲುಗಿನಲ್ಲಿ, ‘ನಂದಿ ಕೊಂಡ’ ಎಂದು ಬಂತು. ಅದನ್ನು ನುಂಗಿಕೊಂಡು, ತುಸು ತಡೆದು, ‘ನಂದಿ ಬೆಟ್ಟ’ ಎಂದಳು. ಆ ಮಗುವಿಗೆ ಉತ್ತರ ತಿಳಿಯದಿರಲಿಲ್ಲ. ಅವಳು ಹುಡುಕುತ್ತಿದ್ದದ್ದು ಪದವನ್ನು. ಮನೆಯ ತೆಲುಗು, ಶಾಲೆಯ ಕನ್ನಡ, ಮೇಲಿನಿಂದ ಇಳಿಯುವ ಇಂಗ್ಲಿಷ್, ಈ ಮೂರು ಪೊದೆಗಳ ನಡುವೆ ಚೆಂಡು ಕಳೆದುಕೊಂಡವರಿಗೆ ಮೂರು ನಿಮಿಷವಾದರೂ ಸಲ್ಲಬೇಕಲ್ಲವೆ?

ಆದರೆ ಮಿಕ್ಕವರ ಮಾತೇನು? ಆ ದಿನ ಗಂಟೆ ಹೊಡೆದಾಗ ನಕ್ಷೆಯ ಪಾಠ ಅರ್ಧವೇ ಆಗಿತ್ತು. ಕಾದವರು ನೊರೆನನಂತೆ ಕಾದಿದ್ದರು. ಕರುಣೆ ಒಬ್ಬಳಿಗೆ, ಖರ್ಚು ನಲವತ್ತು ಜನರಿಗೆ ಎಂದಾದರೆ ಅದು ಬಹುಕಾಲ ನಡೆಯುವ ಧರ್ಮವಲ್ಲ.

ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಉಪಾಧ್ಯಾಯರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ. ಸುಮ್ಮನಿದ್ದ ಮಕ್ಕಳೂ ಬಾಯಿಬಿಡುತ್ತಾರೆ. ಇತ್ತ ಗಾಲ್ಫಿನವರೂ ಒಂದು ಉಪಾಯ ಕಂಡುಕೊಂಡಿದ್ದಾರೆ: ಇತರರು ಆಡುತ್ತಿರುವಾಗಲೇ ನಿನ್ನ ಲೆಕ್ಕ ಮುಗಿಸಿಕೋ, ಸರದಿ ಬಂದಾಗ ಸಿದ್ಧನಾಗಿರು. ಇವೆರಡನ್ನೂ ಜೋಡಿಸಿ ನಾವು ನಮ್ಮ ಪದ್ಧತಿಯನ್ನು ತಿದ್ದಿಕೊಂಡೆವು. ಪ್ರಶ್ನೆ ಮೊದಲು, ಹೆಸರು ಆಮೇಲೆ. ಹೆಸರು ಹಿಡಿದು ಕೇಳಿದರೆ ಒಬ್ಬಳು ಯೋಚಿಸುತ್ತಾಳೆ, ಮಿಕ್ಕವರು ಕಾಯುತ್ತಾರೆ. ಎಲ್ಲರನ್ನೂ ಕೇಳಿ, ಎಲ್ಲರ ಕೈಗೂ ಸ್ಲೇಟು ಕೊಟ್ಟು, ಮನಸ್ಸಿನಲ್ಲಿ ಹತ್ತು ಎಣಿಸಿ, ಆಮೇಲೆ ಹೆಸರು ಕರೆದರೆ ಎಲ್ಲರೂ ಯೋಚಿಸುತ್ತಾರೆ, ಕಾಯುವವರೇ ಇರುವುದಿಲ್ಲ.

ಆ 40 ಸೆಕೆಂಡಿನ ಸಲಹೆಯಲ್ಲಿ ನಾವು ಮೊದಲು ಗಮನಿಸದೆ ದಾಟಿಬಿಡುವ ಒಂದು ಮಾತಿದೆ. ಎಣಿಕೆಯು ಆಟಗಾರನು ಅಡ್ಡಿಯಿಲ್ಲದೆ ಆಡುವ ಸ್ಥಿತಿಗೆ ಬಂದ ಮೇಲೆ ಆರಂಭವಾಗಬೇಕು. ನಮ್ಮ ದೇಶದ ಪರೀಕ್ಷೆಗಳಲ್ಲಿಯೂ ಈ ನ್ಯಾಯ ಕಾಲಿಟ್ಟಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಂತೆ, ಬರೆಯಲು ತೊಡಕಿರುವ ಅಂಗವಿಕಲ ಅಭ್ಯರ್ಥಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಕಾಲ ಗೊತ್ತಾಯಿತು; ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಇದು ದಾನವಲ್ಲ, ಎಣಿಕೆಯನ್ನು ಸರಿಯಾದ ಕಡೆಯಿಂದ ಆರಂಭಿಸುವುದು. ಗಡಿನಾಡಿನ ಕನ್ನಡ ಶಾಲೆಯ ಮಗುವಿಗೆ ಯಾವ ಮಾರ್ಗಸೂಚಿಯೂ ಇಂಥ ನಿಮಿಷಗಳನ್ನು ಬರೆದಿಟ್ಟಿಲ್ಲ. ಅವನ್ನು ಕೊಡಬೇಕಾದವರು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ನಾವು.

ವಿದ್ಯಾರ್ಥಿಗಳಿಗೂ ಒಂದು ಮಾತು ಸಲ್ಲುತ್ತದೆ. ನಿಮಗೆ ಬೇಕಾದ ಹೊತ್ತನ್ನು ತೆಗೆದುಕೊಳ್ಳಿರಿ, ನಾಚಬೇಡಿರಿ. ಆದರೆ ಗೆಳೆಯನ ಸರದಿ ನಡೆಯುತ್ತಿರುವಾಗ ಕಿಟಕಿಯಾಚೆ ನೋಡುತ್ತಿದ್ದು, ನಿಮ್ಮ ಸರದಿ ಬಂದ ಮೇಲೆ ಯೋಚನೆಗೆ ತೊಡಗಬೇಡಿರಿ. ಹಿಂದೆ ಇನ್ನೂ ಗಾಡಿಗಳಿವೆ.