ಬತ್ತುವ ಕೆರೆಯ ಮೀಸೆಯ ಮೀನು

ಕೋಲಾರ ಸೀಮೆಗೆ ಬಂದವರು ಅಂತರಗಂಗೆಯ ಬೆಟ್ಟವನ್ನೇರಿ, ಕೋಲಾರಮ್ಮನ ದರ್ಶನ ಮಾಡಿ, ಶ್ರೀನಿವಾಸಪುರದ ಮಾವನ್ನು ಸವಿದು ಹಿಂದಿರುಗುವುದು ವಾಡಿಕೆ. ಕೆರೆಯ ಏರಿಯ ಮೇಲೆ ನಿಂತು ಕೆಳಗಿನ ಕೆಸರನ್ನು ನಿರುಕಿಸುವವರು ವಿರಳ. ಆದರೂ ಈ ನಾಡಿನ ಒಂದು ಸೋಜಿಗ ಆ ಕೆಸರಿನಲ್ಲಿಯೇ ಹುದುಗಿದೆ.

ಮಾಲೂರಿನಿಂದ ಮುಳಬಾಗಿಲಿನವರೆಗೆ ತುಂಬಿ ಹರಿಯುವ ಜೀವನದಿಯೆಂಬುದಿಲ್ಲ. ಪಾಲಾರ್ ಕೂಡ ಮಳೆ ಬಂದಾಗಷ್ಟೇ ನದಿ. ಆದುದರಿಂದಲೇ ಹಿರಿಯರು ಕೆರೆಗಳನ್ನು ಸರಪಳಿಯಾಗಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುವುದು. ಬೇಸಿಗೆ ಬಂದರೆ ಎರಡೂ ಬತ್ತುವುವು. ಬಹುಪಾಲು ಮೀನುಗಳಿಗೆ ಅದೇ ಅಂತ್ಯಕಾಲ. ಚೇಳುಮೀನಿಗೂ ಮುರುಗೋಡಿಗೂ ಹಾಗಲ್ಲ.

ಇವೆರಡೂ ಹುರುಪೆಯಿಲ್ಲದ ನುಣುಪು ಮೈಯ, ನಾಲ್ಕು ಜೊತೆ ಮೀಸೆಯ ಮೀನುಗಳು. ಚೇಳುಮೀನಿನ ಕಿವಿರುಗಳ ಬಳಿಯಿಂದ ಬೆನ್ನಿನುದ್ದಕ್ಕೆ ಎರಡು ಗಾಳಿಚೀಲಗಳು ಚಾಚಿವೆ. ಮುರುಗೋಡಿಗೆ ಕಿವಿರಿನ ಮೇಲೆ ಮರದ ಕವಲುಗಳಂತಹ ಅಂಗವುಂಟು. ಅವುಗಳಿಂದ ನೇರವಾಗಿ ಗಾಳಿಯನ್ನು ಉಸಿರಾಡುತ್ತ, ನೀರಿಂಗಿದ ಮೇಲೂ ಒದ್ದೆ ಕೆಸರಿನೊಳಗೆ ಜೀವ ಹಿಡಿದಿರುತ್ತವೆ. ೧೭೯೪ರಲ್ಲಿ ಜರ್ಮನಿಯ ವಿದ್ವಾಂಸ ಬ್ಲಾಖ್ ಚೇಳುಮೀನಿಗೆ ‘ಫಾಸಿಲಿಸ್’, ಅಂದರೆ ‘ನೆಲದಿಂದ ಅಗೆದು ತೆಗೆದದ್ದು’, ಎಂದು ಹೆಸರಿಟ್ಟನು. ನಮ್ಮವರಿಟ್ಟ ಹೆಸರಿನ ಅರ್ಥವನ್ನು ಅದರ ಎದೆರೆಕ್ಕೆಯ ವಿಷಮುಳ್ಳು ಚುಚ್ಚಿಸಿಕೊಂಡವರು ಬಲ್ಲರು! ಮಳೆ ಬಿದ್ದೊಡನೆ ಮುರುಗೋಡು ಕೆರೆಯಂಚಿನ ತೆಳುನೀರಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ; ಗಂಡು ಮೀನು ಕಾವಲಿರುತ್ತದೆ.

ಬರಗಾಲವನ್ನೇ ಗೆದ್ದ ಈ ಜೀವಿಗೆ ಇಂದು ಬೇರೆಯೇ ಪರೀಕ್ಷೆ ಒದಗಿದೆ. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಮಾಲೂರಿನಂತಹ ಕಡೆ ಕೆರೆಯಂಗಳದ ಜೇಡಿಮಣ್ಣನ್ನು ಆಳವಾಗಿ ತೆಗೆದರೆ ಮೊಟ್ಟೆಯಿಡುವ ತೆಳುನೀರಿನ ಅಂಚೇ ಇಲ್ಲವಾಗುತ್ತದೆ. ೨೦೧೮ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆನೀರು ಲಕ್ಷ್ಮೀಸಾಗರದ ಕೆರೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿದು, ವರ್ಷಗಟ್ಟಲೆ ಬರಿದಾಗಿದ್ದ ಅಂಗಳಗಳಲ್ಲಿ ನೀರು ನಿಂತಿತು. ನೀರು ಬಂದುದು ಸಂತೋಷವೇ. ಆದರೆ ನೀರಿದ್ದಲ್ಲಿ ಮೀನು ಸಾಕಣೆಯ ಆಸೆಯೂ ಹುಟ್ಟುವುದು. ಆಫ್ರಿಕದ ಮೀಸೆಮೀನು ಮುರುಗೋಡಿನ ದಾಯಾದಿ. ಒಂದು ಮೀಟರಿಗೂ ಮಿಕ್ಕಿ ಬೆಳೆದು ಚಿಕ್ಕ ಮೀನುಗಳನ್ನೆಲ್ಲ ನುಂಗುತ್ತದೆ. ಭಾರತ ಸರ್ಕಾರ ೨೦೦೦ದಲ್ಲಿ ಅದರ ಸಾಕಣೆಯನ್ನು ನಿಷೇಧಿಸಿದರೂ ಕದ್ದು ಸಾಕುವವರು ರಾಜ್ಯದಲ್ಲಿ ಇಲ್ಲದಿಲ್ಲ. ಸರಪಳಿಯ ಕೆರೆಗಳಲ್ಲಿ ಒಂದಕ್ಕೆ ಅದು ಹೊಕ್ಕರೆ ಕೋಡಿಯ ನೀರೇ ಮುಂದಿನ ಕೆರೆಗೆ ದಾರಿ ತೋರುವುದು.

ನೀರಿನ ಅಭಾವವನ್ನು ತಾಳಿದ ಮೀನು ಮನುಷ್ಯನ ದುರಾಸೆಯನ್ನು ತಾಳಲಾರದು. ಕೆರೆಯನ್ನು ತುಂಬಿಸಿದವರಿಗೆ ಅದರ ಅಂಚನ್ನೂ ಕೋಡಿಯನ್ನೂ ಕಾಯುವ ಹೊಣೆ ಇನ್ನೂ ಉಳಿದಿದೆ.